ಘಾಟಿಯಾಚೆಯ ಊಟ

ಅಪ್ಪನ ಬೆನ್ನು ಯಾವಾಗ ಇಷ್ಟು ಅಗಲವಾಯಿತು ಎಂದು ನೆಕಾನೆ ಯೋಚಿಸುತ್ತಿದ್ದಳು. ಎರ್ರಾತ್ಸು ಊರಿನ ಕೊನೆಯ ಮನೆ ದಾಟಿ, ಹೊಳೆಯ ಮೇಲಿನ ಸೇತುವೆ ದಾಟಿ, ರಸ್ತೆ ಫ್ರಾನ್ಸಿನ ಗಡಿಯ ಇಸ್ಪೆಗಿ ಘಾಟಿಯ ಕಡೆ ತಲೆಯೆತ್ತಿದ ಕೂಡಲೇ ಅವಳ ಕಣ್ಣ ಮುಂದೆ ಆ ಬೆನ್ನೊಂದೇ ಉಳಿದಿತ್ತು. ಮಾಸಿದ ಕೆಂಪು ಜರ್ಸಿ ಸೊಂಟದ ಹತ್ತಿರ ಬಿಗಿದು, ಹಿಂದಿನ ಜೇಬುಗಳಲ್ಲಿ ಏನೇನೋ ತುರುಕಿ ಉಬ್ಬಿ, ಪ್ರತಿ ತುಳಿತಕ್ಕೂ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ವಾಲುತ್ತಿದ್ದ ಬೆನ್ನು. ಎಪ್ಪತ್ತು ದಾಟಿದ ಮನುಷ್ಯ ಒಂದು ಭಾನುವಾರವೂ ತಪ್ಪಿಸದೆ ಘಾಟಿ ಹತ್ತಿಳಿದರೆ ಕರಗಬೇಕು, ಇವನು ದುಂಡಗಾಗಿದ್ದ. ಸುಖವಾಗಿದ್ದಾನೆ, ಅದಕ್ಕೇ, ಎಂದುಕೊಂಡಳು. ಹಾಗೆ ಅಂದುಕೊಂಡದ್ದೇ ತಡ ತನ್ನ ಮೇಲೇ ಅಸಹ್ಯವಾಯಿತು. ಅಪ್ಪ ಸುಖವಾಗಿರುವುದನ್ನು ದೂರಿನ ಹಾಗೆ ಮನಸ್ಸಿನಲ್ಲಿ ಬರೆದುಕೊಳ್ಳುವ ಮಗಳು ಎಂಥವಳು.

"ಗೇರ್ ಇಳಿಸೆ," ಅಪ್ಪ ತಿರುಗಿ ನೋಡದೆಯೇ ಹೇಳಿದ. "ಅಷ್ಟು ಭಾರದಲ್ಲಿ ತುಳಿದ್ರೆ ಮಂಡಿ ಹೋಗುತ್ತೆ."

"ಇಳಿಸೋಕೆ ಇನ್ನೇನೂ ಉಳಿದಿಲ್ಲಪ್ಪ."

"ಹಾಗಾದ್ರೆ ಮಾತಾಡಬೇಡ. ಉಸಿರು ಉಳಿಸ್ಕೊ."

ಮಾತಾಡಬೇಡ ಎನ್ನುವುದು ಅವನಿಗೆ ಎಷ್ಟು ಅನುಕೂಲ. ನಿನ್ನೆ ಸಂಜೆ ಅವನ ಬಾಗಿಲಲ್ಲಿ ನಿಂತು, ನಾಳೆ ನಾನೂ ಬರ್ತೀನಿ, ಅಂಚೆ ಕಚೇರಿಯ ಹುಡುಗಿ ಒಬ್ಬಳ ಸೈಕಲ್ ತಂದಿದೀನಿ ಎಂದಾಗ ಅವನು ಚೈನಿಗೆ ಎಣ್ಣೆ ಬಿಡುತ್ತಿದ್ದವನು ಎಣ್ಣೆಯ ಡಬ್ಬಿ ಹಾಗೇ ಹಿಡಿದುಕೊಂಡಿದ್ದ; ಎಣ್ಣೆ ನೆಲದ ಕಲ್ಲಿನ ಮೇಲೆ ತೊಟ್ಟಿಕ್ಕಿತ್ತು. "ಘಾಟಿ ಕಷ್ಟ," ಎಂದಿದ್ದ. "ನೀನು ಹತ್ತಲ್ವಾ?" ಎಂದಿದ್ದಳು. ಅಷ್ಟೇ. ಅವನು ಯಾಕೆ ಎಂದು ಕೇಳಲಿಲ್ಲ, ಇವಳು ಯಾಕೆ ಎಂದು ಹೇಳಲಿಲ್ಲ. ಬೆಳಿಗ್ಗೆ ಅವನು ಮೂಲೆ ಮೂಲೆ ಕೆರೆದು ಗಡ್ಡ ಹೆರೆದುಕೊಂಡು ಬಂದಿದ್ದ, ಕಿವಿಯ ಕೆಳಗೆ ಸೋಪಿನ ನೊರೆ ಒಣಗಿ ಅಂಟಿಕೊಂಡಿತ್ತು. ಒರೆಸಿಕೋ ಎಂದು ಹೇಳಲು ಬಾಯಿ ತೆರೆದವಳು ಸುಮ್ಮನಾದಳು. ಹಾಗೇ ಹೋಗಲಿ, ಅವಳೇ ಒರೆಸಲಿ.

ಅವಳು. ಹೆಸರು ಗೊತ್ತಿತ್ತು, ಆದರೆ ಮನಸ್ಸು ಆ ಹೆಸರನ್ನು ಹೇಳಲು ಒಪ್ಪುತ್ತಿರಲಿಲ್ಲ. ಹೋದ ವಾರ ಫೆರ್ಮಿನಾಳ ಅಂಗಡಿಯಲ್ಲಿ ತಲೆ ತೊಳೆಸಿಕೊಳ್ಳಲು ಕತ್ತು ಹಿಂದಕ್ಕೆ ಚಾಚಿ ಬೇಸಿನ್ನಿನಲ್ಲಿ ತಲೆಯಿಟ್ಟು, ಕೊಯ್ಯಲು ಹಿಡಿದ ಕೋಳಿಯ ಹಾಗೆ ಗಂಟಲು ಮೇಲೆ ಮಾಡಿ ಮಲಗಿದ್ದಾಗ ಫೆರ್ಮಿನಾ ಕಿವಿಯ ಹಿಂದೆ ನೊರೆ ತಿಕ್ಕುತ್ತಾ ಕೇಳಿದ್ದಳು: "ಅಂತೂ ನಿಮ್ಮಪ್ಪನ ಮದುವೆ ಯಾವ ಕಡೆ ಕಣೆ, ನಮ್ಮ ಚರ್ಚಲ್ಲೋ, ಆ ಗಶೂಶಳ ಊರು ಬೈಗೊರ್ರಿಯ ಚರ್ಚಲ್ಲೋ? ಫ್ರಾನ್ಸ್ ಕಡೆ ಆದ್ರೆ ನಾವೆಲ್ಲ ಬಸ್ಸು ಮಾಡ್ಕೊಂಡು ಬರ್ತೀವಿ." ಪಕ್ಕದ ಕುರ್ಚಿಯ ಹೆಂಗಸರು ನಕ್ಕಿದ್ದರು, ಕೆಟ್ಟ ನಗುವಲ್ಲ, ಮನೆಯ ವಿಷಯಕ್ಕೆ ನಗುವ ನಗು. ಎಲ್ಲರಿಗೂ ಗೊತ್ತಿತ್ತು. ಬ್ರೆಡ್ ಅಂಗಡಿಯವನಿಗೆ, ಸೈಕಲ್ ರಿಪೇರಿಯವನಿಗೆ, ಊರ ಪಾದ್ರಿಗೆ. ಕಣ್ಣಿಗೆ ನೊರೆ ಇಳಿಯುತ್ತಿದ್ದರೂ ನೆಕಾನೆ ದನಿ ಸರಿಮಾಡಿಕೊಂಡು, "ಇನ್ನೂ ಏನೂ ನಿಶ್ಚಯ ಆಗಿಲ್ಲ," ಎಂದಿದ್ದಳು. ತನಗೂ ಗೊತ್ತಿರುವ ಹಾಗೆ. ಆ ಸುಳ್ಳು ಇಷ್ಟು ಸಲೀಸಾಗಿ ಬಂದದ್ದೇ ಆಮೇಲೆ ಅವಳನ್ನು ಹೆಚ್ಚು ಸುಟ್ಟಿತು. ಅಮ್ಮ ಹೋದ ಮೇಲೆ ವಾರಕ್ಕೊಮ್ಮೆಯಾದರೂ ಅಪ್ಪ ಸರಿಯಾಗಿ ಉಣ್ಣಲಿ ಎಂದು ಭಾನುವಾರದ ಊಟ ತಾನೇ ಮಾಡುತ್ತಿದ್ದಳು. ಸೈಕಲ್ ಹೊಡೆದು ತಡವಾಗಿ ಬರ್ತೀನಿ ಕಣೆ ಎಂದರೆ, ಬಾ, ಬಿಸಿ ಇಟ್ಟಿರ್ತೀನಿ ಎನ್ನುತ್ತಿದ್ದಳು. ನಾಲ್ಕು ಗಂಟೆಯವರೆಗೂ ಓವನ್ನಿನಲ್ಲಿ ಕುರಿಮಾಂಸ ಬೆಚ್ಚಗೆ ಇರುತ್ತಿತ್ತು. ಅವನು ಬಂದು ಕೈತೊಳೆದು ಕೂತು, ಅರ್ಧ ತಿಂದು, ತಟ್ಟೆಯನ್ನು ಒಂದು ಬೆರಳಿನಿಂದ ಸ್ವಲ್ಪವೇ ಸ್ವಲ್ಪ ಮುಂದಕ್ಕೆ ದೂಡುತ್ತಿದ್ದ. "ಚೆನ್ನಾಗಿದೆ. ಆದ್ರೆ ಸಾಕು." ಆ ಬೆರಳು. ಅಮ್ಮನ ಅಡುಗೆಗೆ ಆ ಬೆರಳು ಎಂದೂ ಹಾಗೆ ಮಾಡಿದ್ದಿಲ್ಲ. ನೆಕಾನೆ ಕಟುಕನನ್ನು ಬದಲಾಯಿಸಿದಳು, ಬೆಳ್ಳುಳ್ಳಿ ಹೆಚ್ಚು ಮಾಡಿದಳು, ಕಡಿಮೆ ಮಾಡಿದಳು, ಒಂದು ದಿನ ಸುಟ್ಟ ಕೆಂಪು ಮೆಣಸಿನಕಾಯಿಯ ಸಿಪ್ಪೆ ಸುಲಿಯುತ್ತಾ ಸುಮ್ಮನೆ ಅತ್ತುಬಿಟ್ಟಳು.

ರಸ್ತೆ ಬೀಚ್ ಮರಗಳ ಒಳಗೆ ಹೊಕ್ಕಿತು. ತಂಪು ಒಮ್ಮೆಲೇ ಕುತ್ತಿಗೆಯ ಮೇಲೆ ಕೈಯಿಟ್ಟಿತು. ತಿರುವಿನಲ್ಲಿ ಕಬ್ಬಿಣದ ಅಡ್ಡಪಟ್ಟಿ ಇಟ್ಟಿದ್ದರು, ಮುಂದೆ ಗುಡ್ಡ ಕುಸಿದಿದೆ, ರಸ್ತೆ ಬಂದ್ ಎಂದು ಫಲಕವಿತ್ತು. ಅಪ್ಪ ಇಳಿದು ಸೈಕಲ್ಲನ್ನು ಪಕ್ಕದಿಂದ ದಾಟಿಸಿದ.

"ಬಂದ್ ಅಂತ ಹಾಕಿದಾರಲ್ಲ?"

"ಅದು ಕಾರಿಗೆ."

ಅವನು ಹಿಂದಿರುಗುತ್ತಾನೆ ಎಂದು ಅವಳಿಗೆ ಒಂದು ಕ್ಷಣ ಆಸೆಯಾಗಿತ್ತು. ಅವನು ಹಿಂದಿರುಗದಿದ್ದದ್ದಕ್ಕೆ ಅದೇ ಕ್ಷಣ ಸಮಾಧಾನವೂ ಆಗಿ, ತನಗೆ ನಿಜವಾಗಿ ಬೇಕಾದದ್ದೇನು ಎಂದು ತಿಳಿಯದೆ ಪೆಡಲ್ ತುಳಿದಳು. ತೊಡೆಗಳಲ್ಲಿ ಬೆಂಕಿ. ಹಣೆಯ ಬೆವರು ಮೂಗಿನ ತುದಿಗೆ ಬಂದು ತೂಗಿ ಹ್ಯಾಂಡಲ್ಲಿನ ಮೇಲೆ ಬೀಳುತ್ತಿತ್ತು. ಆದರೂ ಎಲೆಗಳ ನಡುವಿನಿಂದ ಬಿಸಿಲು ರಸ್ತೆಯ ಮೇಲೆ ನಾಣ್ಯ ಚೆಲ್ಲಿದ ಹಾಗೆ ಬಿದ್ದಿದ್ದನ್ನು, ಕೆಳಗೆ ಬಾಸ್ತಾನ್ ಕಣಿವೆಯ ಮನೆಗಳು ಮಂಜಿನಿಂದ ಒಂದೊಂದಾಗಿ ಹೊರಬರುತ್ತಿದ್ದುದನ್ನು ನೋಡಿ, ಈ ಬೆಳಗು ಚೆನ್ನಾಗಿದೆ ಎಂದು ಅವಳ ದೇಹ ಅವಳನ್ನು ಕೇಳದೆಯೇ ತೀರ್ಮಾನಿಸಿಬಿಟ್ಟಿತ್ತು. ಸಿಟ್ಟು ಮಾಡಿಕೊಳ್ಳಲು ಬೇಕಾದ ಗಾಳಿ ಎದೆಯಲ್ಲಿ ಉಳಿದಿರಲಿಲ್ಲ.

ಮೇಲಿನಿಂದ ಊರಿನ ಸೈಕಲ್ ಬಳಗದವರು ಬಣ್ಣ ಬಣ್ಣದ ಜರ್ಸಿಯಲ್ಲಿ ಸರಸರ ಇಳಿದು ಬಂದರು. ಅಪ್ಪನನ್ನು ನೋಡಿ ಬ್ರೇಕ್ ಹಿಡಿದರು.

"ಎಲ್ಲಿಗೋ ಬಿಂಗೆನ್, ತುದೀಲಿ ರಸ್ತೇನೇ ಇಲ್ಲ," ಅವರಲ್ಲೊಬ್ಬ ಕೂಗಿದ. "ಇವತ್ತು ಆಯಮ್ಮಂಗೆ ಉಪವಾಸವೇ ಗತಿ."

ಇನ್ನೊಬ್ಬ, "ಅವನು ಹಾರಿಯಾದ್ರೂ ಹೋಗ್ತಾನೆ ಬಿಡೋ, ರೆಕ್ಕೆ ಬಂದಿದೆ," ಎಂದ. ಆಗ ತಿರುವಿನ ಹಿಂದಿನಿಂದ ನೆಕಾನೆ ಬಂದಳು. ನಗು ನಿಂತಿತು. ಎಲ್ಲರೂ ತಮ್ಮ ತಮ್ಮ ಹೆಲ್ಮೆಟ್ಟಿನ ಪಟ್ಟಿ ಸರಿಮಾಡಿಕೊಂಡರು. "ನಮಸ್ಕಾರ ನೆಕಾನೆ. ಚಳಿ ಶುರುವಾಯ್ತು, ಅಲ್ವಾ," ಎಂದು ಒಬ್ಬ ಹೇಳಿದ, ಬೆವರು ಒರೆಸುತ್ತಾ. ಅವರು ಇಳಿದುಹೋದ ಮೇಲೆ ಅಪ್ಪ ಮತ್ತೆ ಪೆಡಲ್ ತುಳಿದ. ಅವನ ಕಿವಿಗಳು ಜರ್ಸಿಗಿಂತ ಕೆಂಪಾಗಿದ್ದವು. ಮುದುಕನೊಬ್ಬನ ಕಿವಿ ಹಾಗೆ ಕೆಂಪಾಗುವುದನ್ನು ನೋಡಿ ನೆಕಾನೆಗೆ ನಗು ಉಕ್ಕಿ ಬಂತು. ನುಂಗಿಕೊಂಡಳು, ನಗುವುದೆಂದರೆ ಸೋತ ಹಾಗೆ ಎನಿಸಿತು.

ತುದಿ ಇನ್ನೇನು ಬಂತು ಎನ್ನುವಲ್ಲಿ ರಸ್ತೆ ನಿಜವಾಗಿಯೂ ಇರಲಿಲ್ಲ. ಹೋದ ವಾರದ ಮಳೆಗೆ ಗುಡ್ಡದ ಒಂದು ಪಕ್ಕೆಯೇ ಜಾರಿ, ಕೆಂಪು ಮಣ್ಣು, ಬೇರು, ಬಂಡೆ ಎಲ್ಲ ಸೇರಿ ಡಾಂಬರನ್ನು ಕೆಳಗಿನ ಕಂದಕಕ್ಕೆ ತಳ್ಳಿತ್ತು. ಜೆಸಿಬಿಯೊಂದು ಭಾನುವಾರದ ರಜೆಯಲ್ಲಿ ಕತ್ತು ಬಗ್ಗಿಸಿ ನಿಂತಿತ್ತು. ಅಪ್ಪ ಸೊಂಟದ ಮೇಲೆ ಕೈಯಿಟ್ಟು ನೋಡಿದ. ಆಮೇಲೆ ಎಡಕ್ಕೆ, ತುಕ್ಕು ಬಣ್ಣಕ್ಕೆ ತಿರುಗಿದ ಜರಿಗಿಡಗಳ ನಡುವೆ ಮೇಲಕ್ಕೆ ಏರುವ ಕಾಲುದಾರಿಯನ್ನು ನೋಡಿದ.

"ನಮ್ಮಪ್ಪ ಇದೇ ದಾರೀಲಿ ತಾಮ್ರದ ತಂತಿ ಹೊತ್ಕೊಂಡು ದಾಟ್ತಿದ್ದ, ಪೊಲೀಸರ ಕಣ್ಣು ತಪ್ಪಿಸಿ," ಎಂದ. "ಸೈಕಲ್ ಅದಕ್ಕಿಂತ ಹಗುರ."

"ಅಪ್ಪ, ನೀನು ಸೈಕಲ್ ಹೊತ್ಕೊಂಡು ಗುಡ್ಡ ಹತ್ತೋದು ಬೇಡ."

"ನಿಂದೂ ಕೊಡು ಇಲ್ಲಿ."

"ಕೊಡಲ್ಲ."

ಸ್ವಲ್ಪ ಹೊತ್ತು ಇಬ್ಬರೂ ಅವಳ ಸೈಕಲ್ಲನ್ನು ಎರಡು ತುದಿಯಲ್ಲಿ ಹಿಡಿದು ಎಳೆದಾಡಿದರು. ಕೊನೆಗೆ ಅವರವರದ್ದನ್ನು ಅವರವರೇ ಹೆಗಲಿಗೇರಿಸಿದರು. ಚೌಕಟ್ಟಿನ ಕಬ್ಬಿಣ ಭುಜದ ಎಲುಬಿಗೆ ಒತ್ತುತ್ತಿತ್ತು, ಪೆಡಲ್ ಬೆನ್ನಿಗೆ ಚುಚ್ಚುತ್ತಿತ್ತು, ಸೈಕಲ್ಲಿನ ನುಣ್ಣನೆ ಬೂಟು ಒದ್ದೆ ಕಲ್ಲಿನ ಮೇಲೆ ಜಾರುತ್ತಿತ್ತು. ಗುಡ್ಡಗಾಡಿನ ಕುಳ್ಳ ಕುದುರೆಗಳು ಕಿವಿ ಮುಂದಕ್ಕೆ ಮಾಡಿ, ಇವರೆಂಥ ಪ್ರಾಣಿಗಳು ಎಂಬಂತೆ ದಾರಿ ಬಿಟ್ಟು ನಿಂತವು. ಚಿಕ್ಕವಳಿದ್ದಾಗ ಇದೇ ಅಪ್ಪ ಹಾಲಿನ ವ್ಯಾನಿನಲ್ಲಿ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ಮನೆ ಮನೆಗೆ ಕ್ಯಾನು ಎತ್ತಲು ಹೋಗುತ್ತಿದ್ದ. ಪ್ರತಿ ಅಂಗಳದಲ್ಲೂ ಯಾರಾದರೂ ಒಬ್ಬರು ಅವನಿಗೆ ಏನಾದರೂ ಹೇಳಲು ಕಾದಿರುತ್ತಿದ್ದರು, ಅವನು ಒಂದು ಕಾಲನ್ನು ವ್ಯಾನಿನ ಮೆಟ್ಟಿಲ ಮೇಲಿಟ್ಟು ಕೇಳುತ್ತಿದ್ದ. ಅಮ್ಮ ಹೋದ ಮೇಲೆ ಆ ಅಂಗಳಗಳೆಲ್ಲ ಮುಚ್ಚಿಹೋದ ಹಾಗೆ ಅವನು ಕಿಟಕಿಯ ಪಕ್ಕ ಕೂತಿರುತ್ತಿದ್ದುದನ್ನು ಅವಳೇ ನೋಡಿದ್ದಳು. ಅವನು ಮತ್ತೆ ಸೈಕಲ್ ತೆಗೆದ ದಿನ ಎಷ್ಟು ಖುಷಿಪಟ್ಟಿದ್ದಳು. ಆ ಖುಷಿಯ ಹಿಂದೆ ಇನ್ನೊಬ್ಬಳಿದ್ದಾಳೆಂದು ತಿಳಿದ ಮೇಲೆ ಅದು ಸುಳ್ಳಾಗಬೇಕೇಕೆ? ಏದುಸಿರು ಬಿಡುತ್ತಾ ಅವಳು ಸೈಕಲ್ಲನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿದಳು.

ಒಂದು ಬಂಡೆಯ ಹತ್ತಿರ ಅಪ್ಪ ಸೈಕಲ್ ಇಳಿಸಿ ಕೂತ. ಅವಳೂ ಕೂತಳು, ಸ್ವಲ್ಪ ದೂರದಲ್ಲಿ.

"ಫೆರ್ಮಿನಾ ಹೇಳಿದ್ಲಾ?"

"ಹೂಂ."

"ಯಾವಾಗ?"

"ಹೋದ ವಾರ."

"ಒಂದು ವಾರ ಹೊಟ್ಟೇಲಿ ಇಟ್ಕೊಂಡಿದ್ದೀಯ."

"ನೀನು ಎಷ್ಟು ದಿನ ಇಟ್ಕೊಂಡಿದ್ದೆ?"

ಅಪ್ಪ ಜರಿಗಿಡದ ಎಲೆಯೊಂದನ್ನು ಕಿತ್ತು ಸಣ್ಣದಾಗಿ ಹರಿಯತೊಡಗಿದ. "ಹೇಳೋಣ ಅಂತ ಪ್ರತಿ ಭಾನುವಾರ ಬಾಯಿ ತೆಗೀತಿದ್ದೆ. ನಾನು ಬಾಯಿ ತೆಗೆಯೋದಕ್ಕೂ ನೀನು ತಟ್ಟೆ ತಂದಿಡೋದಕ್ಕೂ ಸರಿಹೋಗ್ತಿತ್ತು."

ಅವಳು ಮುಖ ತಿರುಗಿಸಿಕೊಂಡಳು. ಕೋಪಕ್ಕಲ್ಲ. ತಾನು ಆ ತಟ್ಟೆಯನ್ನು ಎಷ್ಟು ಅವಸರದಿಂದ ಇಡುತ್ತಿದ್ದೆ, ಅವನು ಏನಾದರೂ ಹೇಳಿಬಿಟ್ಟಾನು ಎಂಬ ಭಯ ತನಗೆ ಆಗಲೇ ಇತ್ತೇನೋ ಎಂಬ ಅನುಮಾನ ಈಗ ಮೊದಲ ಸಲ ಎದ್ದಿತ್ತು. ಆಗಲೇ ತಲೆಯ ಮೇಲೆ ಸದ್ದಾಯಿತು, ದೊಡ್ಡ ಬಟ್ಟೆ ಒದರಿದ ಹಾಗೆ. ನೋಡಿದರೆ ಕಾಡುಪಾರಿವಾಳಗಳು, ನೂರಾರು, ಉತ್ತರದಿಂದ ಘಾಟಿಯ ಸಂದಿಯಲ್ಲಿ ನುಗ್ಗಿ ಬಂದು, ಇಬ್ಬರ ತಲೆಗೂ ನೆರಳು ಸವರಿ, ಬಿಸಿಲಿಗೆ ಹೊಟ್ಟೆ ತೋರಿಸಿ ದಕ್ಷಿಣಕ್ಕೆ ಹೊರಳಿದವು. ಅಪ್ಪನ ಬಾಯಿ ತೆರೆದೇ ಇತ್ತು. ಅವಳದ್ದೂ. ಎದ್ದಾಗ ಅವಳು ಅವನ ಕಿವಿಯ ಕೆಳಗಿನ ಸೋಪನ್ನು ಹೆಬ್ಬೆರಳಿನಿಂದ ಒರೆಸಿದಳು. "ಬೆಳಿಗ್ಗೆಯಿಂದ ಇದೆ," ಎಂದಳು.

ತುದಿ ಮುಟ್ಟುವ ಮೊದಲೇ ಆಚೆ ಕಡೆಯಿಂದ ದನಿ ಬಂತು. ಘಾಟಿಯ ಆಚೆಯವರದ್ದೂ ಇದೇ ಭಾಷೆ, ಎಳೆತ ಮಾತ್ರ ಬೇರೆ.

"ಯಾರ ಅಲ್ಲೆ, ಬಿಂಗೆನ್ನ? ರಸ್ತೆ ಬಂದ್ ಆಗೇತಿ ಅಂತ ಕುರಿಗೆಲ್ಲಾ ಗೊತ್ತೈತಿ. ನಿನಗೊಬ್ಬಗ ಗೊತ್ತಾಗ್ಲಿಲ್ಲೇನು?"

"ಗೊತ್ತಿತ್ತು."

"ಗೊತ್ತಿದ್ದೂ ಬಂದೀ."

"ನೀನೂ ಬಂದಿದೀಯಲ್ಲ."

"ನಾ ಬಂದಿದ್ದು ನೀ ಬರ್ತೀ ಅಂತ. ಹುಚ್ಚಪ್ಪ ಗುಡ್ಡದ ಮ್ಯಾಲೆ ಹಸಕೊಂಡು ಕುಂತಿರ್ತಾನ ಅಂತ."

ಮುಚ್ಚಿದ್ದ ಹೋಟೆಲಿನ ಗೋಡೆಯ ಪಕ್ಕದಿಂದ ಗಿಡ್ಡ ಹೆಂಗಸೊಬ್ಬಳು ಬಂದಳು. ರಬ್ಬರ್ ಬೂಟು, ಗಂಡಸರ ಟೋಪಿ, ಬೆನ್ನಿಗೆ ಕಟ್ಟಿದ ಬುಟ್ಟಿ, ಊರುಗೋಲಿಗೆ ಮಡಚಿದ ಛತ್ರಿ. ನೆಕಾನೆ ಈ ಒಂದು ವಾರ ಕಲ್ಪಿಸಿಕೊಂಡಿದ್ದ ಹೆಂಗಸು ಎತ್ತರವಾಗಿದ್ದಳು, ಫ್ರೆಂಚರ ಹಾಗೆ ಕತ್ತಿಗೆ ರೇಷ್ಮೆ ಸುತ್ತಿಕೊಂಡಿದ್ದಳು, ತುಟಿ ಬಿಗಿದು ನಗುತ್ತಿದ್ದಳು. ಅವಳೊಂದಿಗೆ ಹೇಗೆ ಮಾತಾಡಬೇಕೆಂದು ಒಂದೊಂದು ವಾಕ್ಯವನ್ನೂ ತಿದ್ದಿ ಇಟ್ಟುಕೊಂಡಿದ್ದಳು. ಈ ಬೂಟಿನ ಹೆಂಗಸಿಗೆ ಅವು ಯಾವುವೂ ಹೊಂದುತ್ತಿರಲಿಲ್ಲ. ಗಶೂಶ ಅವಳನ್ನು ನೋಡಿ ನಿಂತಳು. ಟೋಪಿ ತೆಗೆದಳು. ಯಾಕೆ ತೆಗೆದೆ ಎಂದು ತಿಳಿಯದ ಹಾಗೆ ಮತ್ತೆ ಹಾಕಿಕೊಂಡಳು. ಅವಳೂ ಹೆದರಿದ್ದಾಳೆ ಎಂದು ನೆಕಾನೆಗೆ ಥಟ್ಟನೆ ಹೊಳೆಯಿತು.

"ಇಕೀ ನೆಕಾನೆ," ಗಶೂಶ ಅಪ್ಪನಿಗೆ ಹೇಳಿದಳು, ಅವನಿಗೆ ಗೊತ್ತಿಲ್ಲದ ವಿಷಯ ತಿಳಿಸುವ ಹಾಗೆ. ಆಮೇಲೆ, "ಬಾರವ್ವಾ. ಕೂಡು. ಗಾಳಿ ಭಾಳ ಐತಿ, ಈ ಗ್ವಾಡೀ ಮಗ್ಗಲಕ ಕೂಡು."

ಬುಟ್ಟಿಯಿಂದ ಬಟ್ಟೆ ಸುತ್ತಿದ ಪಾತ್ರೆ ಬಂತು. ಒಳಗೆ ಕೆಂಪು ಮೆಣಸಿನಕಾಯಿಯ ಜೊತೆ ಬೇಯಿಸಿದ ಕೋಳಿ, ಇನ್ನೂ ಬೆಚ್ಚಗಿತ್ತು. ಬ್ರೆಡ್ ಬಂತು, ಕುರಿ ಹಾಲಿನ ಚೀಸ್ ಬಂತು, ಕಪ್ಪು ಚೆರ್ರಿಯ ಜಾಮ್ ಬಂತು. ಅಪ್ಪ ಹಿಂದಿನ ಜೇಬುಗಳಿಂದ ತನ್ನ ತೋಟದ ಕೆಂಪು ಬೀನ್ಸ್ ಕಾಳಿನ ಪೊಟ್ಟಣಗಳನ್ನು ತೆಗೆದು ಮಾತಿಲ್ಲದೆ ಬುಟ್ಟಿಯೊಳಗೆ ಇಟ್ಟ. ಗಶೂಶ ನೆಕಾನೆಗೆ ತುಂಬಾ ಬಡಿಸಿದಳು, ಅಪ್ಪನ ತಟ್ಟೆಗೆ ಒಂದೇ ತುಂಡು ಹಾಕಿ ಕೈ ನಿಲ್ಲಿಸಿದಳು.

"ನಿಮ್ಮಪ್ಪಗ ಇಷ್ಟ ಸಾಕು. ಯಾವಾಗ್ಲೂ ಅರ್ಧಕ್ಕ ಬಿಡ್ತಾನ," ಎಂದಳು, ನಗಲು ನೋಡುತ್ತಾ. "ನನ್ನ ಕೈ ಅಡಗಿ ಅವಗ ಹಿಡಸಂಗಿಲ್ಲ. ಬಾಯಿ ಬಿಟ್ಟು ಹೇಳಂಗಿಲ್ಲ ಪಾಪ. ಹಿಂಗ, ಒಂದು ಬೆರಳಿಲೆ ತಾಟ ಸರಸ್ತಾನ."

ಗಶೂಶ ತನ್ನ ತೋರುಬೆರಳಿನಿಂದ ತಟ್ಟೆಯನ್ನು ಸ್ವಲ್ಪವೇ ಸ್ವಲ್ಪ ಮುಂದಕ್ಕೆ ದೂಡಿ ತೋರಿಸಿದಳು. ನೆಕಾನೆಯ ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

"ಎಷ್ಟು ಹೊತ್ತಿಗೆ?" ಎಂದಳು.

"ಏನು?"

"ನಿಮ್ಮನೇಲಿ ಊಟ ಎಷ್ಟು ಹೊತ್ತಿಗೆ ಮಾಡ್ತಾನೆ?"

"ಒಂದಕ್ಕ. ಒಂದೂವರಿಗೆ."

"ನಮ್ಮನೇಲಿ ನಾಲ್ಕಕ್ಕೆ. ಹೀಗೇ ದೂಡ್ತಾನೆ, ಅದೇ ಬೆರಳು."

ಇಬ್ಬರೂ ಅಪ್ಪನ ಕಡೆ ತಿರುಗಿದರು. ಅಪ್ಪ ಆಕಾಶದಲ್ಲಿ ಸುತ್ತುತ್ತಿದ್ದ ರಣಹದ್ದೊಂದನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ.

"ಅಪ್ಪ."

"ಅರ್ಧ ಅರ್ಧ," ಅಪ್ಪ ಹದ್ದಿನಿಂದ ಕಣ್ಣು ತೆಗೆಯದೆ ಹೇಳಿದ. "ಎರಡೂ ಸೇರಿದ್ರೆ ಒಂದೇ ಊಟ."

"ಆ ಹೊಟ್ಟಿ ನೋಡಿದ್ರ ಒಂದ ಊಟದ್ದಲ್ಲದು," ಎಂದಳು ಗಶೂಶ.

ಮೊದಲು ನಕ್ಕವಳು ಅವಳೇ. ಟೋಪಿ ಜಾರಿ ಮಡಿಲಿಗೆ ಬಿತ್ತು. ನೆಕಾನೆಗೆ ಕೋಳಿಯ ತುಂಡು ನುಂಗಲೂ ಆಗದೆ ಉಗುಳಲೂ ಆಗದೆ, ಗೋಡೆಗೆ ತಲೆಯಾನಿಸಿ ಮೂಗಿನಲ್ಲೆಲ್ಲ ನಗುತ್ತಾ, ಆ ನಗು ಎಲ್ಲೋ ನಡುವೆ ಅಳುವಾಗಿ ಮತ್ತೆ ನಗುವಾಗುತ್ತಾ, ಆ ಎಲ್ಲಾ ಭಾನುವಾರಗಳೂ, ಕಟುಕನೂ, ಬೆಳ್ಳುಳ್ಳಿಯೂ, ಸಿಪ್ಪೆ ಸುಲಿದ ಮೆಣಸಿನಕಾಯಿಯೂ ಒಂದರ ಮೇಲೊಂದು ಬಿದ್ದು ಉರುಳಿ ಹೋಗುವುದು ಕಂಡಿತು. ತನ್ನ ಅಡುಗೆಗೆ ಏನೂ ಆಗಿರಲಿಲ್ಲ. ಘಾಟಿಯ ಎರಡು ಕಡೆ ಎರಡು ಅಡುಗೆಮನೆಗಳಲ್ಲಿ ಇಬ್ಬರು ಹೆಂಗಸರು ಒಂದೇ ಅರ್ಧ ತಟ್ಟೆಯ ಮುಂದೆ ಕೂತು ಒಂದೇ ಸಂಕಟ ಪಟ್ಟಿದ್ದರು. ಇವನೋ, ಯಾರ ಮನಸ್ಸೂ ನೋಯಬಾರದೆಂದು ಹೊಟ್ಟೆಯನ್ನು ಎರಡು ಪಾಲು ಮಾಡಿಕೊಂಡು, ಬಿರಿಯುವ ಹೊಟ್ಟೆಯಲ್ಲಿ ಘಾಟಿ ಹತ್ತಿ, ತಿರುವಿನ ಮೇಲೆ ತಿರುವು ಇಳಿದು ಅವಳ ಕುರಿಮಾಂಸಕ್ಕಾಗಿ ಬರುತ್ತಿದ್ದ.

"ಹೆಂಗ ತುಳೀತಿದ್ದ್ಯೋ ಅಷ್ಟ ತಿಂದು?"

"ತುದಿ ದಾಟಿದ್ರೆ ಇಳಿಜಾರಲ್ವಾ," ಎಂದ ಅಪ್ಪ. ಆಮೇಲೆ ಮೆಲ್ಲಗೆ ತಟ್ಟೆ ಚಾಚಿದ. "ಇವತ್ತು ಮನೇಲಿ ಒಲೆ ಹಚ್ಚಿಲ್ಲ. ಇನ್ನೆರಡು ಹಾಕು."

ಅವನು ಮೂಳೆ ಚೀಪಿ, ಬ್ರೆಡ್ಡಿನಿಂದ ತಟ್ಟೆ ಒರೆಸಿ ತಿನ್ನುವುದನ್ನು ಇಬ್ಬರೂ ನೋಡಿದರು. ಗಶೂಶ ಚೀಸ್ ಕತ್ತರಿಸುತ್ತಾ, ತಲೆಯೆತ್ತದೆ, ಯಾರಿಗೆಂದು ಹೇಳದೆ ಹೇಳಿದಳು: "ನಿಮ್ಮವ್ವನ ಸುದ್ದಿ ಭಾಳ ಹೇಳ್ತಾನ. ನಾನೂ ನಮ್ಮ ಮನಿಯವರ ಸುದ್ದಿ ಹೇಳ್ತೇನಿ. ಇದ್ದಾಗ ಹೇಳದ್ದನ್ನೆಲ್ಲಾ ಹೇಳ್ತೇವಿ. ಊಟಕ್ಕ ಇಬ್ಬರ ಕುಂತಿದ್ರೂ ನಾಕ ಮಂದಿ ಕುಂತಂಗ ಅನಸ್ತೈತಿ." ಅಮ್ಮ ಯಾರದೋ ಅಪರಿಚಿತ ಮೇಜಿನ ಬಳಿ, ಮೊಣಕೈ ಊರಿ, ಅಪ್ಪನ ಸುಳ್ಳುಗಳನ್ನು ತಿದ್ದುತ್ತಾ ಕೂತಿರುವುದು ನೆಕಾನೆಗೆ ಕಾಣಿಸಿತು. ಅಮ್ಮನಿಗೆ ಅದರಿಂದ ಬೇಸರವಿದ್ದಂತೆ ಕಾಣಲಿಲ್ಲ. ಗಶೂಶ ಚಾಚಿದ ಚೀಸಿನ ತುಂಡನ್ನು ತೆಗೆದುಕೊಳ್ಳುವಾಗ ಆ ಬೆರಳುಗಳು ಒರಟಾಗಿ, ಬಿಸಿಯಾಗಿ ತಗುಲಿದವು.

ಆಚೆ ಕಡೆಯ ರಸ್ತೆ ಚೆನ್ನಾಗಿತ್ತು, ಕಪ್ಪಗೆ, ಖಾಲಿಯಾಗಿ. ಗಶೂಶಳ ಮನೆ ಇಳಿಜಾರಿನ ನಡುವೆ. ಅವಳು ನಡೆದೇ ಇಳಿಯಬೇಕು. ಅಪ್ಪ ಬುಟ್ಟಿಯನ್ನು ಹ್ಯಾಂಡಲ್ಲಿಗೆ ತೂಗುಹಾಕಿ ಅವಳ ಜೊತೆ ಸೈಕಲ್ ನೂಕಿಕೊಂಡು ಹೊರಟ.

"ನೀ ಮುಂದ ಹೋಗು ತಂಗಿ," ಗಶೂಶ ಹೇಳಿದಳು. "ನೀಲಿ ಕಿಟಕಿಯ ಮನಿ. ಕೀಲಿ ಹಾಕಿಲ್ಲ. ನಾಯಿ ಬೊಗಳ್ತೈತಿ, ಕಡಿಯಂಗಿಲ್ಲ. ಕಾಫಿ ಇಡು, ನಾವು ಬರೋದು ತಡ ಆಗ್ತೈತಿ. ಇವಗ ಮಾತು ಭಾಳ."

"ಬ್ರೇಕ್ ಒಂದೇ ಸಮ ಹಿಡೀಬೇಡ," ಅಪ್ಪ ಹೇಳಿದ. "ತಿರುವಿಗೆ ಮುಂಚೆ ಹಿಡಿ, ತಿರುವಿನಲ್ಲಿ ಬಿಡು."

ಬಿಟ್ಟಳು. ಮೊದಲ ತಿರುವಿನವರೆಗೆ ಭಯವಿತ್ತು, ಎರಡನೆಯದರ ಹೊತ್ತಿಗೆ ಅದು ಎಲ್ಲೋ ಹಿಂದೆ ಉಳಿಯಿತು. ಎದುರಿಗೆ ಕಾರಿಲ್ಲ, ಜನರಿಲ್ಲ, ಇಡೀ ಗುಡ್ಡದ ರಸ್ತೆ ಅವಳೊಬ್ಬಳಿಗೆ ಹಾಸಿದ್ದು. ಗಾಳಿ ಕಣ್ಣಿನಿಂದ ನೀರು ಎಳೆದು ಕಿವಿಯ ಕಡೆ ಒಯ್ಯುತ್ತಿತ್ತು. ಏಳು ವರ್ಷದ ನೆಕಾನೆ ಅಪ್ಪನ ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂತು, ಅವನ ಗಡ್ಡ ನೆತ್ತಿಗೆ ಚುಚ್ಚುತ್ತಾ, ಓತ್ಸೊಂದೊ ಘಾಟಿಯಿಂದ ಇಳಿಯುತ್ತಾ, ಇನ್ನೂ ಜೋರಾಗಿ ಎಂದು ಕಿರುಚುತ್ತಿದ್ದಳು, ಈಗಲೂ ಯಾರೋ ಹಾಗೆ ಕೂಗುತ್ತಿದ್ದರು, ಅದು ತನ್ನದೇ ನಲವತ್ತಾರು ವರ್ಷದ ಗಂಟಲು ಎಂದು ತಿಳಿದಾಗ ನಾಚಿಕೆಯಾಗಲಿಲ್ಲ. ದ್ರಾಕ್ಷಿಯ ತೋಟಗಳು ಮೆಟ್ಟಿಲು ಮೆಟ್ಟಿಲಾಗಿ ತಿರುಗಿ ಎದ್ದು ಮಾಯವಾದವು. ಕುರಿಗಳ ಗಂಟೆ ಒಮ್ಮೆ ಎಡಗಿವಿಗೆ ಒಮ್ಮೆ ಬಲಗಿವಿಗೆ ಬಂತು. ಯಾರಿಗೂ ಏನೂ ಹೇಳಬೇಕಾಗಿರಲಿಲ್ಲ. ದೇಹ ಎಡಕ್ಕೆ ವಾಲಿ, ಬಲಕ್ಕೆ ವಾಲಿ, ತನಗೆ ಗೊತ್ತಿದ್ದದ್ದನ್ನು ಸುಮ್ಮನೆ ಮಾಡುತ್ತಿತ್ತು.

ಮನೆಗಳು ಕಾಣಿಸುವ ತಿರುವಿನಲ್ಲಿ ಈ ಕಡೆಯ ಅಡ್ಡಪಟ್ಟಿ ಇತ್ತು. ಹೊಳೆಯುವ ಹಸಿರು ಕೋಟಿನ ರಸ್ತೆ ಕೆಲಸದವನೊಬ್ಬ ಕುರ್ಚಿ ಹಾಕಿಕೊಂಡು ಸೇಬು ತಿನ್ನುತ್ತಿದ್ದವನು ಎದ್ದು ಕೈ ಅಡ್ಡ ಹಿಡಿದ. ಅವಳು ಕಾಲೂರಿ ನಿಂತಳು.

"ಎಲ್ಲಿಂದ ಬಂದ್ರಿ? ಮ್ಯಾಲೆ ರಸ್ತೆ ಇಲ್ಲಲ್ಲ."

"ಎರ್ರಾತ್ಸುವಿನಿಂದ. ಹೊತ್ಕೊಂಡು ಬಂದ್ವಿ."

ಅವನು ಅವಳ ಮಣ್ಣಾದ ಬೂಟು ನೋಡಿದ, ಮುಖ ನೋಡಿದ. ಮುಖದಲ್ಲಿ ಏನು ಕಂಡನೋ, ಬೈಯಲು ತೆರೆದ ಬಾಯಿಗೆ ಸೇಬು ಇಟ್ಟುಕೊಂಡ. ಅಡ್ಡಪಟ್ಟಿ ಸರಿಸುತ್ತಾ ಕೇಳಿದ, "ಹಿಂದ ಇನ್ನೂ ಯಾರರೆ ಬರೋರು ಅದಾರೇನು? ನಾ ಇದನ್ನ ಮುಚ್ಚೋದೋ, ತಗದ ಇಡೋದೋ?"

"ಇಬ್ಬರು ಇದಾರೆ," ಎಂದಳು ನೆಕಾನೆ. "ನಡ್ಕೊಂಡು ಬರ್ತಿದಾರೆ, ತಡ ಆಗುತ್ತೆ."

"ಯಾರವರು?"

ಒಂದು ಕ್ಷಣ ಅವಳು ಹಿಂದಿರುಗಿ ನೋಡಿದಳು. ಬಹಳ ಮೇಲೆ, ಒಂದು ತಿರುವಿನ ಅಂಚಿನಲ್ಲಿ, ಕೆಂಪು ಚುಕ್ಕೆಯೊಂದು ಕಪ್ಪು ಚುಕ್ಕೆಯೊಂದು ಅಕ್ಕಪಕ್ಕ ನಿಂತಿದ್ದವು. ಚಲಿಸುತ್ತಿರಲಿಲ್ಲ, ಏನೋ ವಾದಿಸುತ್ತಿರಬೇಕು.

"ನಮ್ಮನೆಯವರು," ಎಂದಳು.

ಅವನು ಅಡ್ಡಪಟ್ಟಿಯನ್ನು ರಸ್ತೆಯ ಪಕ್ಕಕ್ಕೆ ಒರಗಿಸಿಟ್ಟು, ಕುರ್ಚಿಗೆ ಮರಳಿದ. ನೆಕಾನೆ ನೀಲಿ ಕಿಟಕಿಗಳನ್ನು ಹುಡುಕುತ್ತಾ, ತುಳಿಯದೆ, ನಿಧಾನವಾಗಿ ಇಳಿದಳು. ನಾಯಿ ಆಗಲೇ ಬೊಗಳತೊಡಗಿತ್ತು.